ಎವಾನ್ಸ್ 2025: ನಾಲ್ಕು ಅಂಕಗಳ ಸೋಲನ್ನು ಯಾವ ತಕ್ಕಡಿಯಲ್ಲಿ ತೂಗಬೇಕು?

ಎರೆನೆಲ, ಕಲಬುರಗಿ

ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನ 2025ರ ಪಟ್ಟಿ ಎಲ್ಲರ ಮುಂದಿದೆ. ಸೆಬಾಸ್ಟಿಯನ್ ಓಜಿಯೆ 293, ಎಲ್ಫಿನ್ ಎವಾನ್ಸ್ 289, ಕಲ್ಲೆ ರೊವಾನ್‌ಪೆರಾ 256. ಮೂವರೂ ಟೊಯೊಟಾದವರು, ಮೂವರ ಕೈಯಲ್ಲೂ ಅದೇ ಜಿಆರ್ ಯಾರಿಸ್ ಕಾರು. ಸೌದಿ ಅರೇಬಿಯಾದ ಕೊನೆಯ ರ‍್ಯಾಲಿ ಮುಗಿದ ದಿನದಿಂದ ನಮ್ಮವರ ಬಾಯಲ್ಲಿ ಒಂದೇ ಮಾತು: ‘ಎವಾನ್ಸ್ ಮತ್ತೆ ಎರಡನೆಯವನು.’ 2020, 2021, 2023, 2024, ಈಗ 2025. ಐದು ಸಲ. ಹೀಗೆನ್ನುವವರ ದನಿಯಲ್ಲಿರುವ ತಾತ್ಸಾರವನ್ನು ನನ್ನಿಂದ ಸಹಿಸಲಾಗುವುದಿಲ್ಲ.

ರ‍್ಯಾಲಿಯಲ್ಲಿ ಚಾಲಕನ ಯೋಗ್ಯತೆ ತಿಳಿಯಲು ತಂಡದ ಜೊತೆಗಾರನಿಗಿಂತ ಒಳ್ಳೆಯ ಅಳತೆಗೋಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಕಾರು ಒಂದೇ, ಟೈರು ಒಂದೇ, ಕೆಲಸ ಮಾಡುವ ಎಂಜಿನಿಯರುಗಳೂ ಒಂದೇ ಮನೆಯವರು. ಎದುರಾಳಿ ತಂಡ ಹ್ಯುಂಡೈಯ ಚಾಲಕ ನ್ಯೂವಿಲ್ ಜೊತೆ ಎವಾನ್ಸ್‌ರನ್ನು ಹೋಲಿಸಿದರೆ ಅರ್ಧ ಹೋಲಿಕೆ ಕಾರಿಗೇ ಹೋಗಿಬಿಡುತ್ತದೆ. ಆದರೆ ಜೊತೆಗಾರನೆಂಬ ಅಳತೆಗೋಲನ್ನೂ ಸುಮ್ಮನೆ ಹಿಡಿಯುವಂತಿಲ್ಲ. ಯಾರು ಎಷ್ಟು ರ‍್ಯಾಲಿ ಓಡಿಸಿದರು, ರಸ್ತೆಗೆ ಯಾರು ಮೊದಲು ಇಳಿದರು, ವರ್ಷದ ಆರಂಭದಲ್ಲಿ ತಂಡ ಯಾರಿಂದ ಏನನ್ನು ಕೇಳಿತ್ತು, ಇವನ್ನೆಲ್ಲ ನೋಡಬೇಕು. ನೋಡಿ ಹೇಳಿ: ಎವಾನ್ಸ್‌ರ ವರ್ಷ ಪಾಸೋ, ನಪಾಸೋ? ಕಾರಣ ಬೇಕು. ಬರೀ ಅಭಿಮಾನ ಬೇಡ.

ಗ್ಯಾರೇಜ್, ಹುಮನಾಬಾದ್

ಅಣ್ಣಾ, ಕಾರಣ ಕೇಳಿದ್ದೀರಿ, ಕೊಡುತ್ತೇನೆ. 14 ರ‍್ಯಾಲಿಗಳಲ್ಲಿ ಓಜಿಯೆ ಬಂದದ್ದು 11ಕ್ಕೆ. ಸ್ವೀಡನ್, ಕೀನ್ಯಾ, ಎಸ್ಟೋನಿಯಾ ಬಿಟ್ಟರು. ಎವಾನ್ಸ್ ಇಡೀ ವರ್ಷದಲ್ಲಿ ಗೆದ್ದದ್ದು ಎರಡು. ಯಾವ ಎರಡು? ಸ್ವೀಡನ್ ಮತ್ತು ಕೀನ್ಯಾ. ಓಜಿಯೆ ಮನೆಯಲ್ಲಿದ್ದಾಗ ಮಾತ್ರ.

ಇಬ್ಬರೂ ಎದುರುಬದುರಾದ 11 ರ‍್ಯಾಲಿಗಳಲ್ಲಿ ಓಜಿಯೆ ಆರು ಗೆದ್ದರು: ಮಾಂಟೆ ಕಾರ್ಲೊ, ಪೋರ್ಚುಗಲ್, ಸಾರ್ಡಿನಿಯಾ, ಪರಾಗ್ವೆ, ಚಿಲಿ, ಜಪಾನ್. ಎವಾನ್ಸ್ ಸೊನ್ನೆ. ಆರಕ್ಕೆ ಸೊನ್ನೆ ಎಂದರೆ ಅದೃಷ್ಟದ ಮಾತಲ್ಲ. ಮೂರು ರ‍್ಯಾಲಿಗಳನ್ನೇ ಬಿಟ್ಟುಕೊಟ್ಟ, 41 ವರ್ಷದ ಮನುಷ್ಯನಿಗೆ ಸೋತ ಮೇಲೆ ಇನ್ನೇನು ತೂಗುವುದಿದೆ? ನನ್ನ ಲೆಕ್ಕದಲ್ಲಿ ನಪಾಸು.

ಲೆಕ್ಕದ ಮೇಡಂ, ಶಹಾಪುರ

ಗ್ಯಾರೇಜ್ ಅಣ್ಣನವರ ಅಂಕಿಗಳು ಸರಿಯಾಗಿವೆ. ತೀರ್ಮಾನವನ್ನು ಮಾತ್ರ ಒಪ್ಪಲಾರೆ.

ಮೊದಲು ಸರಾಸರಿ. ಓಜಿಯೆ 11 ರ‍್ಯಾಲಿಗೆ 293 ಎಂದರೆ ಒಂದಕ್ಕೆ 26.6 ಅಂಕ. ಎವಾನ್ಸ್ 14ಕ್ಕೆ 289, ಒಂದಕ್ಕೆ 20.6. ಒಂದು ರ‍್ಯಾಲಿಯಲ್ಲಿ ಸಿಗಬಹುದಾದ ಗರಿಷ್ಠ ಅಂಕ 35: ಗೆಲುವಿಗೆ 25, ಭಾನುವಾರದ ಓಟದಲ್ಲಿ ಮೊದಲಿಗನಾದರೆ 5, ಕಟ್ಟಕಡೆಯ ಹಂತವಾದ ಪವರ್ ಸ್ಟೇಜ್‌ನಲ್ಲಿ ಮೊದಲಿಗನಾದರೆ 5. ಇಲ್ಲಿಯವರೆಗೆ ನೋಡಿದರೆ ಓಜಿಯೆ ಬೇರೆಯದೇ ಎತ್ತರದಲ್ಲಿದ್ದಾರೆ.

ಆದರೆ ರ‍್ಯಾಲಿ ಬಿಡುವುದು ಬರೀ ನಷ್ಟವಲ್ಲ. ಶುಕ್ರವಾರ ಕಾರುಗಳು ಒಂದರ ಹಿಂದೊಂದು ರಸ್ತೆಗಿಳಿಯುವುದು ಚಾಂಪಿಯನ್‌ಷಿಪ್ ಪಟ್ಟಿಯ ಕ್ರಮದಲ್ಲಿ, ಅಂಕಗಳಲ್ಲಿ ಮುಂದಿರುವವನು ಮೊದಲು. ಎರಡು ರ‍್ಯಾಲಿ ಬಿಟ್ಟವನು ಪಟ್ಟಿಯಲ್ಲಿ ಕೆಳಗಿಳಿಯುತ್ತಾನೆ, ಮುಂದಿನ ರ‍್ಯಾಲಿಗಳಲ್ಲಿ ಹಿಂದಿನಿಂದ ಹೊರಡುತ್ತಾನೆ. ಮಣ್ಣಿನ ರಸ್ತೆಯಲ್ಲಿ ಅದು ಎಷ್ಟು ದೊಡ್ಡ ಲಾಭ ಎಂಬುದನ್ನು ರಸ್ತೆ ಗೊತ್ತಿರುವವರು ಯಾರಾದರೂ ಹೇಳಲಿ. ಫೆಬ್ರುವರಿಯ ಸ್ವೀಡನ್‌ನಿಂದ ಹಿಡಿದು ಮಣ್ಣಿನ ರ‍್ಯಾಲಿಗಳ ಬಹುಪಾಲಿನಲ್ಲಿ ರಸ್ತೆ ತೆರೆದವರು, ಅಂದರೆ ಎಲ್ಲರಿಗಿಂತ ಮೊದಲು ಹೊರಟವರು, ಎವಾನ್ಸ್. ಈ ತಿದ್ದುಪಡಿ ಮಾಡದೆ ಆರು–ಸೊನ್ನೆ ಎಂದರೆ ಅದು ಅರ್ಧ ಲೆಕ್ಕ.

ಐನೊಳ್ಳಿ ದಾರಿ, ಚಿಂಚೋಳಿ

ಮೇಡಂ ಕೇಳಿದ್ದಕ್ಕೆ ನಾನು ಹೇಳುತ್ತೇನೆ. ನಮ್ಮ ಕಡೆ ಹೊಲದ ದಾರಿಗೆ ಹೊಸದಾಗಿ ಮೊರಂ ಹಾಕಿ, ರೋಲರ್ ಓಡಿಸದೆ ಬಿಟ್ಟಿರುತ್ತಾರಲ್ಲ, ಅಲ್ಲಿ ಮೊದಲ ದಿನ ಬೈಕ್ ತೆಗೆದುಕೊಂಡು ಹೋದವನನ್ನು ಕೇಳಿ. ಕೆಳಗೆ ನೆಲ ಗಟ್ಟಿಯಾಗಿದೆ, ಮೇಲೆ ಎರಡು ಬೆರಳು ದಪ್ಪ ಸಡಿಲ ಹರಳು. ಬ್ರೇಕ್ ಹಿಡಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ವಾರ ಕಳೆಯಲಿ, ತೊಗರಿ ತುಂಬಿದ ಟ್ರ್ಯಾಕ್ಟರುಗಳು ನಾಲ್ಕು ಸಲ ಓಡಾಡಲಿ: ಗಾಲಿ ಹೋದ ಕಡೆ ಹರಳೆಲ್ಲ ಪಕ್ಕಕ್ಕೆ ಸರಿದು ಎರಡು ಸ್ವಚ್ಛ ಪಟ್ಟಿ ಬೀಳುತ್ತವೆ. ಆಮೇಲೆ ಅದೇ ದಾರಿಯಲ್ಲಿ ಮಕ್ಕಳೂ ಗಾಡಿ ಓಡಿಸುತ್ತಾರೆ.

ಸಾರ್ಡಿನಿಯಾ, ಗ್ರೀಸ್, ಚಿಲಿಯಲ್ಲಿ ಮೊದಲ ಕಾರು ಮಾಡುವುದು ಆ ಟ್ರ್ಯಾಕ್ಟರಿನ ಕೆಲಸವನ್ನು. ಹಿಂದೆ ಬರುವ ಒಂದೊಂದು ಕಾರಿಗೂ ಹಿಡಿತ ಹೆಚ್ಚುತ್ತಾ ಹೋಗುತ್ತದೆ. ಕಿಲೋಮೀಟರಿಗೆ ಸೆಕೆಂಡಿನ ಹತ್ತರಲ್ಲಿ ಮೂರು ಭಾಗ ಹೋದರೂ 120 ಕಿಲೋಮೀಟರಿನ ಶುಕ್ರವಾರದಲ್ಲಿ 36 ಸೆಕೆಂಡು ಹೋಯಿತು. ಶನಿವಾರ, ಭಾನುವಾರ ಆ ರ‍್ಯಾಲಿಯ ಸ್ಥಾನಗಳ ಹಿಮ್ಮುಖ ಕ್ರಮದಲ್ಲಿ ಹೊರಡುತ್ತಾರೆ. ಅಂದರೆ ಶುಕ್ರವಾರ ಹಿಂದೆ ಬಿದ್ದವನಿಗೆ ಶನಿವಾರವೂ ಮುಂದಿನ ಜಾಗವೇ, ಮತ್ತೆ ಕಸ ಗುಡಿಸುವ ಕೆಲಸವೇ.

ಮಳೆ ಬಂದರೆ ಕಥೆ ತಿರುಗುತ್ತದೆ ಎಂಬುದನ್ನೂ ಹೇಳಬೇಕು. ಒದ್ದೆ ಮಣ್ಣಿನಲ್ಲಿ ಮೊದಲ ಕಾರಿಗೆ ಗಟ್ಟಿ ಮೇಲ್ಮೈ ಸಿಗುತ್ತದೆ, ಹಿಂದಿನವರಿಗೆ ರಾಡಿ. ಆದ್ದರಿಂದ ಪ್ರತಿ ರ‍್ಯಾಲಿಗೂ ಒಂದೇ ತಿದ್ದುಪಡಿ ಹಾಕಬೇಡಿ.

ಎರೆನೆಲ, ಕಲಬುರಗಿ

ಇದೇ ನನಗೆ ಬೇಕಾಗಿದ್ದದ್ದು. ಎಸ್ಟೋನಿಯಾವನ್ನು ನೆನಪಿಸಿಕೊಳ್ಳಿ. ಆಲಿವರ್ ಸೋಲ್‌ಬರ್ಗ್ ಮೊದಲ ಬಾರಿಗೆ ಟೊಯೊಟಾದ ಅತ್ಯುನ್ನತ ದರ್ಜೆಯ ಕಾರಿನಲ್ಲಿ ಕುಳಿತರು, ಗೆದ್ದೇಬಿಟ್ಟರು. ಹುಡುಗನ ವೇಗದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಅವರು ಹೊರಟದ್ದು ಹಿಂದಿನಿಂದ, ಎವಾನ್ಸ್ ಹೊರಟದ್ದು ಎಲ್ಲರಿಗಿಂತ ಮೊದಲು. ಆ ಒಂದು ವಾರಾಂತ್ಯವನ್ನು ಹಿಡಿದು ‘ಹೊಸ ಹುಡುಗ ಬಂದು ಎವಾನ್ಸ್ ಮಾನ ಕಳೆದ’ ಎಂದು ಬರೆದವರಿಗೆ ರಸ್ತೆಯ ಗಂಧವೇ ಗೊತ್ತಿಲ್ಲ.

ಸ್ವೀಡನ್ ಗೆಲುವನ್ನೂ ಗ್ಯಾರೇಜ್ ಅಣ್ಣ ಅಷ್ಟು ಸುಲಭವಾಗಿ ತಳ್ಳಿಹಾಕಬಾರದು. ಓಜಿಯೆ ಇರಲಿಲ್ಲ, ನಿಜ. ರೊವಾನ್‌ಪೆರಾ ಇದ್ದರು, ಹ್ಯುಂಡೈಯ ತಾನಕ್ ಇದ್ದರು, ಹಾಲಿ ಚಾಂಪಿಯನ್ ನ್ಯೂವಿಲ್ ಇದ್ದರು. ಜೊತೆಗಾರ ಕತ್ಸುತಾ ಕೊನೆಯವರೆಗೂ ಬೆನ್ನು ಬಿಡಲಿಲ್ಲ, ಅಂತರ 3.8 ಸೆಕೆಂಡು ಮಾತ್ರ. ಹಿಮದ ಮೇಲೆ ಮೊದಲಿಗರಾಗಿ ಹೊರಟು ಅದನ್ನು ಉಳಿಸಿಕೊಂಡದ್ದು ಸಣ್ಣ ಕೆಲಸವೇ?

ಪರ್ಶಿಗಲ್ಲು, ಶಹಾಬಾದ್

ನೀವೆಲ್ಲ ಎವಾನ್ಸ್–ಓಜಿಯೆ ಎಂದು ಹಿಡಿದುಕೊಂಡಿದ್ದೀರಿ. ನಿರೀಕ್ಷೆಯ ಮಾತು ಬಂದರೆ ನಿಜವಾದ ಪ್ರಶ್ನೆ ರೊವಾನ್‌ಪೆರಾ. 2022 ಮತ್ತು 2023ರ ಚಾಂಪಿಯನ್. 2024ರಲ್ಲಿ ಅರ್ಧ ವರ್ಷವಷ್ಟೇ ಓಡಿಸಿ ನಾಲ್ಕು ರ‍್ಯಾಲಿ ಗೆದ್ದರು. ಅವುಗಳಲ್ಲಿ ಪೋಲೆಂಡ್ ಒಂದನ್ನು ನೋಡಿ: ಓಜಿಯೆ ರಸ್ತೆ ಪರಿಶೀಲನೆಯ ವೇಳೆ ಅಪಘಾತಕ್ಕೀಡಾದರು, ರಜೆಯಲ್ಲಿದ್ದ ಈ ಹುಡುಗನನ್ನು ಫೋನ್ ಮಾಡಿ ಕರೆಸಿದರು, ಬಂದವನು ಗೆದ್ದುಕೊಂಡು ಹೋದ. ಅಂಥವರು 2025ರಲ್ಲಿ ಪೂರ್ಣ ವರ್ಷಕ್ಕೆ ಮರಳಿದಾಗ ಎಲ್ಲರೂ ಬರೆದದ್ದು ಒಂದೇ: ಪ್ರಶಸ್ತಿ ಅವರದೇ.

ಆದದ್ದೇನು? ಟೈರು ಪಿರೆಲ್ಲಿಯಿಂದ ಹಾನ್‌ಕೂಕ್‌ಗೆ ಬದಲಾಯಿತು, ಎಂಜಿನ್ನಿಗೆ ನೆರವಾಗುತ್ತಿದ್ದ ವಿದ್ಯುತ್ತಿನ ಹೈಬ್ರಿಡ್ ಘಟಕ ತೆಗೆದುಹಾಕಿದರು. ಡಾಂಬರಿನ ಕ್ಯಾನರಿ ದ್ವೀಪಗಳಲ್ಲಿ ಅವರ ಹತ್ತಿರ ಯಾರೂ ಸುಳಿಯಲಿಲ್ಲ. ಮಣ್ಣಿನ ಮೇಲೆ ಆ ಟೈರಿನ ಜೊತೆ ಅವರಿಗೆ ಬಹಳ ಕಾಲ ಹೊಂದಾಣಿಕೆಯೇ ಆಗಲಿಲ್ಲ. ಫಿನ್ಲೆಂಡ್, ಮಧ್ಯ ಯುರೋಪ್ ಸೇರಿ ಮೂರು ಗೆಲುವು, ಎವಾನ್ಸ್‌ಗಿಂತ ಒಂದು ಹೆಚ್ಚು. ಅಂಕ 33 ಕಡಿಮೆ. ಜೊತೆಗಾರನೇ ಅಳತೆಗೋಲಾದರೆ ಎರಡು ಬಾರಿಯ ಚಾಂಪಿಯನ್‌ನನ್ನು ಪೂರ್ಣ ವರ್ಷದಲ್ಲಿ, ಅದೇ ಕಾರಿನಲ್ಲಿ, 33 ಅಂಕ ಹಿಂದೆ ಹಾಕಿದ ಎವಾನ್ಸ್ ಪಾಸಾಗಲೇಬೇಕು. ಇಬ್ಬರೂ 14ರಲ್ಲಿ 14 ಓಡಿಸಿದರು. ಓಜಿಯೆ ಹೋಲಿಕೆಗಿಂತ ಈ ಹೋಲಿಕೆ ಎಷ್ಟೋ ಶುದ್ಧ.

ಹ್ಯುಂಡೈ ಕಡೆಯೂ ಒಮ್ಮೆ ನೋಡಿ. 2024ರಲ್ಲಿ ನ್ಯೂವಿಲ್ 242 ಅಂಕಗಳೊಂದಿಗೆ ಚಾಂಪಿಯನ್, ಜೊತೆಗಾರ ತಾನಕ್‌ಗೆ 200. ಗೆಲುವುಗಳು ಇಬ್ಬರಿಗೂ ಎರಡೆರಡು. ಜಪಾನಿನ ಕೊನೆಯ ದಿನ ಮುಂಚೂಣಿಯಲ್ಲಿದ್ದ ತಾನಕ್ ರಸ್ತೆಯಿಂದಾಚೆ ಹೋದ ಕ್ಷಣಕ್ಕೆ ನ್ಯೂವಿಲ್ ಪ್ರಶಸ್ತಿ ಖಚಿತವಾಯಿತು. ತಂಡದ ಪ್ರಶಸ್ತಿ ಮಾತ್ರ 561–558ರಲ್ಲಿ ಟೊಯೊಟಾ ಪಾಲಾಯಿತು, ಮೂರೇ ಅಂಕ. ಮರುವರ್ಷ ಒಂದನೇ ನಂಬರ್ ಅಂಟಿಸಿಕೊಂಡು ಬಂದ ನ್ಯೂವಿಲ್‌ಗೆ ಸಿಕ್ಕ ಏಕೈಕ ಗೆಲುವು ಕಟ್ಟಕಡೆಯ ಸೌದಿ, ತಾನಕ್‌ರಿಗಿಂತಲೂ ಹಿಂದೆ, ಐದನೆಯ ಸ್ಥಾನ. ನಪಾಸು ಎಂಬ ಮಾತನ್ನು ಯಾರಿಗಾದರೂ ಹೇಳುವುದಿದ್ದರೆ ಅಲ್ಲಿಗೆ ಹೇಳಿ.

ಬೀದರ್ ಕೋಟೆ

ಗೌರವ್ ಗಿಲ್ ಹೆಸರನ್ನು ಇನ್ನೂ ಯಾರೂ ಎತ್ತಿಲ್ಲವಲ್ಲ! ಜೊತೆಗಾರನ ಅಳತೆಗೋಲು ನಮ್ಮ ದೇಶದವನಿಗೆ ಹೇಗೆ ನ್ಯಾಯ ಕೊಟ್ಟಿತು ನೋಡಿ. ಏಷ್ಯಾ ಪೆಸಿಫಿಕ್ ರ‍್ಯಾಲಿಯಲ್ಲಿ ಎಂಆರ್‌ಎಫ್ ತಂಡ ಸ್ಕೋಡಾ ಫ್ಯಾಬಿಯಾ ಕಾರುಗಳನ್ನು ಓಡಿಸುತ್ತಿದ್ದಾಗ ಗಿಲ್ ಪಕ್ಕದ ಕಾರಿನಲ್ಲಿ ವರ್ಷ ವರ್ಷವೂ ಹೊರದೇಶದ ಒಬ್ಬ ಗಟ್ಟಿ ಚಾಲಕ ಇರುತ್ತಿದ್ದರು. 2012ರಲ್ಲಿ ಕ್ರಿಸ್ ಅಟ್ಕಿನ್ಸನ್ ಚಾಂಪಿಯನ್, 2014ರಲ್ಲಿ ಯಾನ್ ಕೊಪೆಟ್ಸ್ಕಿ, 2015ರಲ್ಲಿ ಪಾಂಟಸ್ ಟಿಡೆಮಂಡ್. ಇವರೆಲ್ಲ ಗಿಲ್ ಜೊತೆಗಾರರೇ. ಹಾಗಾದರೆ ಗಿಲ್ ಸೋತರೇ?

2013ನ್ನು ನೋಡಿ. ಆ ವರ್ಷ ಜೊತೆಗಾರ ಎಸಪೆಕ್ಕ ಲಪ್ಪಿ, ಆಗಿನ್ನೂ ಹೊರಗಿನವರಿಗೆ ಅಷ್ಟಾಗಿ ಗೊತ್ತಿರದ ಫಿನ್ಲೆಂಡಿನ ಹುಡುಗ. ಪ್ರಶಸ್ತಿ ಗಿಲ್‌ಗೆ. ಆಗ ಇಲ್ಲಿ ಅದನ್ನು ಗಮನಿಸಿದವರೇ ಕಡಿಮೆ. ಅದೇ ಲಪ್ಪಿ 2017ರಲ್ಲಿ ತವರಿನ ಫಿನ್ಲೆಂಡ್ ವಿಶ್ವ ರ‍್ಯಾಲಿಯನ್ನು ಗೆದ್ದರು, 2024ರಲ್ಲಿ ಸ್ವೀಡನ್ ಗೆದ್ದರು. ಈಗ ಹಿಂತಿರುಗಿ ನೋಡಿದರೆ ಗಿಲ್‌ರ 2013 ಎಷ್ಟು ದೊಡ್ಡದು ಎಂಬುದು ತಿಳಿಯುತ್ತದೆ. ಅಳತೆಗೋಲಿನ ಉದ್ದ ಕೆಲವೊಮ್ಮೆ ಹತ್ತು ವರ್ಷದ ನಂತರವೇ ಗೊತ್ತಾಗುವುದು. ಗಿಲ್ 2016, 2017ರಲ್ಲೂ ಗೆದ್ದರು. 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಮೋಟಾರು ಕ್ರೀಡೆಗೆ ಅದೇ ಮೊದಲು. ಕ್ರಿಕೆಟ್ ಬಿಟ್ಟು ಬೇರೇನೂ ಬರೆಯದ ನಮ್ಮ ಪತ್ರಿಕೆಗಳ ಕ್ರೀಡಾಪುಟಗಳ ಬಗ್ಗೆ ನನ್ನ ಹೊಟ್ಟೆಯುರಿ ಇನ್ನೂ ಆರಿಲ್ಲ.

ನ್ಯಾವಿಗೇಟರ್, ಭಾಲ್ಕಿ

ಎಲ್ಲರೂ ಸ್ಟಿಯರಿಂಗ್ ಹಿಡಿದವರ ಬಗ್ಗೆಯೇ ಬರೆಯುತ್ತಿದ್ದೀರಿ. ನಾನು ಕಾಲೇಜು ದಿನಗಳಲ್ಲಿ ಸಮಯ–ವೇಗ–ದೂರದ ರ‍್ಯಾಲಿಯಲ್ಲಿ ಎಡಗಡೆಯ ಸೀಟಿನಲ್ಲಿ ಕುಳಿತವನು, ಆದ್ದರಿಂದ ಇದನ್ನು ಬಿಡಲಾರೆ. ರಸ್ತೆಯ ಟಿಪ್ಪಣಿ ಓದಿ ಹೇಳುವ ಸಹಚಾಲಕನಾಗಿ ಎವಾನ್ಸ್ ಪಕ್ಕದಲ್ಲಿದ್ದದ್ದು ಸ್ಕಾಟ್ ಮಾರ್ಟಿನ್, ರೊವಾನ್‌ಪೆರಾ ಪಕ್ಕದಲ್ಲಿ ಯೊನ್ನೆ ಹಾಲ್ತುನೆನ್. ಓಜಿಯೆ ಮೊದಲ ಎಂಟು ಪ್ರಶಸ್ತಿ ಗೆದ್ದದ್ದು ಜೂಲಿಯನ್ ಇಂಗ್ರಾಸಿಯಾ ಓದುವುದನ್ನು ಕೇಳುತ್ತಾ. ಒಂಬತ್ತನೆಯದು ವಿನ್ಸೆಂಟ್ ಲಾಂಡೆ ಜೊತೆ. ಸಹಚಾಲಕ ಬದಲಾದರೂ ಪ್ರಶಸ್ತಿ ಬಂತು ಎಂಬುದು ಓಜಿಯೆ ತಮ್ಮ ಟಿಪ್ಪಣಿಗಳನ್ನು ಎಷ್ಟು ಕರಾರುವಾಕ್ಕಾಗಿ ಬರೆಸುತ್ತಾರೆ ಎಂಬುದಕ್ಕೆ ಸಾಕ್ಷಿ.

ರಸ್ತೆಗೆ ಮೊದಲು ಇಳಿಯುವವರ ಕಷ್ಟ ಬರೀ ಹರಳಿನದಲ್ಲ. ಹಿಂದಿನವರಿಗೆ ಮುಂದಿನ ಕಾರಿನ ಗಾಲಿಗುರುತು ಕಾಣಿಸುತ್ತದೆ: ಎಲ್ಲಿ ಬ್ರೇಕ್ ಹಾಕಿದ್ದಾರೆ, ಎಲ್ಲಿ ತಿರುವಿನ ಒಳಗೆ ನುಗ್ಗಿದ್ದಾರೆ. ಮೊದಲ ಕಾರಿಗೆ ಕಾಗದದ ಮೇಲಿನ ಬರಹ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ‘ಬಲ ನಾಲ್ಕು, ಬಿಗಿ, ಒಳಗೆ ಕಲ್ಲು’ ಎಂದರೆ ನಂಬಿ ನುಗ್ಗಬೇಕು ಅಷ್ಟೇ. ವರ್ಷದ ಬಹುಭಾಗ ಆ ಕೆಲಸವನ್ನು ಮಾಡಿಯೂ ರಸ್ತೆಯ ಮೇಲೆಯೇ ಉಳಿದ ಜೋಡಿ ಎವಾನ್ಸ್–ಮಾರ್ಟಿನ್. ಅಂಕಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ಗ್ಯಾರೇಜ್, ಹುಮನಾಬಾದ್

ಕಷ್ಟದ ಕಥೆ ಕೇಳಿದೆ, ಮೊರಂ ದಾರಿಯನ್ನೂ ಒಪ್ಪಿದೆ. ನಾನು ದಿನಾ ಅದೇ ದಾರಿಯಲ್ಲಿ ಬಂದ ಗಾಡಿಗಳ ಸಸ್ಪೆನ್ಷನ್ ಬಿಚ್ಚುವವನು. ಆದರೆ 2020ನ್ನು ನೆನಪಿಸಿಕೊಳ್ಳಿ. ಕೊನೆಯ ಸುತ್ತಿಗೆ ಇಟಲಿಯ ಮೊಂಜಾಗೆ ಹೋಗುವಾಗ ಎವಾನ್ಸ್ 14 ಅಂಕ ಮುಂದಿದ್ದರು. ಹಿಮ ಬಿದ್ದ ರಸ್ತೆಯಲ್ಲಿ ಜಾರಿ ಹೋದರು, ಓಜಿಯೆ ಚಾಂಪಿಯನ್. ಐದು ವರ್ಷದ ನಂತರ ಮತ್ತೆ ಮುಂದಿದ್ದರು, ಮತ್ತೆ ಓಜಿಯೆ ಚಾಂಪಿಯನ್. ಎರಡು ಸಲವೂ ಕೊನೆಯ ರ‍್ಯಾಲಿ. ಇದನ್ನು ರಸ್ತೆ ಮೇಲೆ ಹಾಕುತ್ತೀರಾ?

ಲೆಕ್ಕದ ಮೇಡಂ, ಶಹಾಪುರ

ಇಲ್ಲ, ಹಾಕುವುದಿಲ್ಲ. ಅಣ್ಣ ಸರಿಯಾದ ಗಾಯದ ಮೇಲೆಯೇ ಬೆರಳಿಟ್ಟಿದ್ದಾರೆ, ಅದನ್ನು ಇನ್ನಷ್ಟು ಸ್ಪಷ್ಟ ಮಾಡುತ್ತೇನೆ.

ತಿದ್ದುಪಡಿ ಬೇಕಾಗದ ಎರಡು ರ‍್ಯಾಲಿಗಳಿವೆ. ಒಂದು ಜಪಾನ್. ಅದು ಪೂರ್ತಿ ಡಾಂಬರು. ಡಾಂಬರಿನಲ್ಲಿ ರಸ್ತೆ ತೆರೆಯುವವನಿಗೆ ಸಾಮಾನ್ಯವಾಗಿ ಲಾಭವೇ, ಏಕೆಂದರೆ ತಿರುವುಗಳ ಒಳಬದಿಯನ್ನು ಕತ್ತರಿಸಿ ಮಣ್ಣು, ಎಲೆಗಳನ್ನು ರಸ್ತೆಗೆ ಎಳೆದು ತರುವ ಕಾರು ಅವನ ಮುಂದೆ ಇರುವುದಿಲ್ಲ. ಅಲ್ಲಿಗೆ ಎವಾನ್ಸ್ 13 ಅಂಕ ಮುಂದಿಟ್ಟುಕೊಂಡು ಹೋದರು. ಓಜಿಯೆ ಗೆದ್ದರು, ಎವಾನ್ಸ್ ಎರಡನೆಯವರಾದರು, ಅಂತರ ಮೂರಕ್ಕಿಳಿಯಿತು.

ಇನ್ನೊಂದು ಸೌದಿ. ಮರುಭೂಮಿಯ ರಸ್ತೆ, ಮೊದಲು ಇಳಿಯುವವನಿಗೆ ಶಿಕ್ಷೆ, ಒಪ್ಪಿದೆ. ಆದರೆ ಮೂರು ಅಂಕ ಹಿಂದಿದ್ದ ಓಜಿಯೆ ಪಟ್ಟಿಯಲ್ಲಿ ಎರಡನೆಯವರು, ಅಂದರೆ ಮೊದಲ ದಿನದ ಶಿಕ್ಷೆ ಬಹುಮಟ್ಟಿಗೆ ಅವರಿಗೂ ಇತ್ತು. ಅವರು ಮೂರನೆಯವರಾಗಿ ಮುಗಿಸಿದರು, ಎವಾನ್ಸ್ ಆರನೆಯವರಾಗಿ. ಇಡೀ ವರ್ಷದಲ್ಲಿ ಇಬ್ಬರೂ ಒಂದೇ ನೆಲದ ಮೇಲೆ, ಒಂದೇ ಹೊರೆಯೊಂದಿಗೆ ನಿಂತ ವಾರಾಂತ್ಯ ಇದ್ದರೆ ಅದು ಇದು.

ಆದ್ದರಿಂದ ನನ್ನ ತೀರ್ಪು: ಫೆಬ್ರುವರಿಯಿಂದ ಅಕ್ಟೋಬರ್‌ವರೆಗೆ ಎವಾನ್ಸ್ ಅಂಕಪಟ್ಟಿ ತೋರಿಸುವುದಕ್ಕಿಂತ ಚೆನ್ನಾಗಿ ಓಡಿಸಿದರು. ನವೆಂಬರಿನಲ್ಲಿ ಓಜಿಯೆ ಅವರಿಗಿಂತ ಚೆನ್ನಾಗಿ ಓಡಿಸಿದರು. ಎರಡನ್ನೂ ಕೂಡಿಸಿ ಒಂದೇ ಪದ ಕೇಳಿದರೆ ಪಾಸು ಎನ್ನುತ್ತೇನೆ. ಆದರೆ ಪ್ರಥಮ ದರ್ಜೆಯಲ್ಲ.

ಪರ್ಶಿಗಲ್ಲು, ಶಹಾಬಾದ್

ಮೇಡಂ, ‘ಪ್ರಥಮ ದರ್ಜೆಯಲ್ಲ’ ಎಂಬಲ್ಲಿ ನನ್ನ ತಕರಾರಿದೆ. ಯಾರ ಎದುರು ಎಂಬುದು ಮರೆತುಹೋಗುತ್ತಿದೆ. ಓಜಿಯೆಗೆ ಇದು ಒಂಬತ್ತನೆಯ ಪ್ರಶಸ್ತಿ, ಸೆಬಾಸ್ಟಿಯನ್ ಲೋಬ್ ದಾಖಲೆಗೆ ಸಮ. ಜೊತೆಗಾರ ಸಾಮಾನ್ಯನಾಗಿದ್ದರೆ 289 ಅಂಕದ ಎವಾನ್ಸ್ ಈ ವರ್ಷ 33 ಅಂಕಗಳ ಅಂತರದಿಂದ ಚಾಂಪಿಯನ್. ತಂಡದ ದೃಷ್ಟಿಯಿಂದಲೂ ನೋಡಿ. ಟೊಯೊಟಾ 14ರಲ್ಲಿ 12 ಗೆದ್ದು ಸತತ ಐದನೆಯ ತಯಾರಕರ ಪ್ರಶಸ್ತಿ ಪಡೆಯಿತು. ಓಜಿಯೆ ಬೇಕಾದಾಗ ಬಂದು ಹೋಗಬಹುದಾದದ್ದು ಯಾರ ಭರವಸೆಯ ಮೇಲೆ? ಪ್ರತಿ ರ‍್ಯಾಲಿಗೂ ಹಾಜರಾಗಿ ಅಂಕ ತರುವ ಒಬ್ಬರು ಇದ್ದಾರೆ ಎಂಬ ಭರವಸೆಯ ಮೇಲೆ.

ಗ್ಯಾರೇಜ್, ಹುಮನಾಬಾದ್

ತಂಡಕ್ಕೆ ಉಪಕಾರವಾಯಿತು, ಅದು ಸರಿ. ಆದರೆ ಎವಾನ್ಸ್ ಬಂದದ್ದು ಉಪಕಾರ ಮಾಡುವುದಕ್ಕಲ್ಲ, ಚಾಂಪಿಯನ್ ಆಗುವುದಕ್ಕೆ. ಅವರದೇ ನಿರೀಕ್ಷೆಯ ಎದುರು ಅವರನ್ನು ನಿಲ್ಲಿಸುವುದು ಅವರಿಗೆ ಕೊಡುವ ಮರ್ಯಾದೆ. ಮೇಡಂ ಹೇಳಿದ ಜಪಾನಿನ ಮಾತೇ ನನಗೆ ಸಾಕು. ‘ನಪಾಸು’ ಎಂದದ್ದನ್ನು ‘ಚಾಂಪಿಯನ್ ಆಗುವ ಪರೀಕ್ಷೆಯಲ್ಲಿ ನಪಾಸು’ ಎಂದು ಮಾಡುತ್ತೇನೆ. ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಎರೆನೆಲ, ಕಲಬುರಗಿ

ಅಷ್ಟು ಇಳಿದದ್ದಕ್ಕೆ ಸಂತೋಷ ಅಣ್ಣಾ. ನಾನು ಪರ್ಶಿಗಲ್ಲು ಅವರ ಕಡೆ. ಪೂರ್ಣ ವರ್ಷದ ಜೊತೆಗಾರನೊಂದಿಗಿನ ಹೋಲಿಕೆಯೇ ಮುಖ್ಯ, ಅಲ್ಲಿ ಎವಾನ್ಸ್ ಗೆದ್ದಿದ್ದಾರೆ.

ಈಗ ಒಂದು ಕೆಲಸ ಮಾಡೋಣ. ಫಲಿತಾಂಶ ಬಂದ ಮೇಲೆ ನಿರೀಕ್ಷೆಯನ್ನು ಬರೆದುಕೊಂಡರೆ ಅದು ಅಳತೆಗೋಲಾಗುವುದಿಲ್ಲ. 2026ಕ್ಕೆ ರೊವಾನ್‌ಪೆರಾ ಸರ್ಕ್ಯೂಟ್ ರೇಸಿಂಗ್‌ಗೆ ಹೊರಟಿದ್ದಾರೆ, ತಾನಕ್ ಕೂಡ ದೂರ ಸರಿಯುತ್ತಿದ್ದಾರೆ, ಸೋಲ್‌ಬರ್ಗ್ ಟೊಯೊಟಾದಲ್ಲಿ ಪೂರ್ಣ ವರ್ಷ ಓಡಿಸುತ್ತಾರೆ. ಮಾಂಟೆ ಕಾರ್ಲೊ ಶುರುವಾಗುವ ಮೊದಲೇ ಎವಾನ್ಸ್‌ರಿಂದ ಏನು ನಿರೀಕ್ಷಿಸುತ್ತೀರಿ, ಸೋಲ್‌ಬರ್ಗ್‌ರಿಂದ ಏನು ಎಂಬುದನ್ನು ಇಲ್ಲಿ ಬರೆದಿಡಿ. ನನ್ನದು: ಎವಾನ್ಸ್ ಕನಿಷ್ಠ ಮೂರು ಗೆಲ್ಲಬೇಕು, ಅದರಲ್ಲಿ ಒಂದಾದರೂ ಓಜಿಯೆ ಎದುರಿಗಿದ್ದಾಗ. ಸೋಲ್‌ಬರ್ಗ್‌ಗೆ ಮೊದಲ ಮೂವರಲ್ಲಿ ಒಂದು ಸ್ಥಾನ ಸಾಕು.

ಐನೊಳ್ಳಿ ದಾರಿ, ಚಿಂಚೋಳಿ

ಎವಾನ್ಸ್ ಚಾಂಪಿಯನ್. ಸೋಲ್‌ಬರ್ಗ್ ಎರಡು ಗೆಲ್ಲುತ್ತಾರೆ, ಮೂರು ಸಲ ಹಳ್ಳಕ್ಕೆ ಬೀಳುತ್ತಾರೆ. ಮೊದಲ ಪೂರ್ಣ ವರ್ಷಕ್ಕೆ ಅದು ಒಳ್ಳೆಯ ಲೆಕ್ಕವೇ.

ಲೆಕ್ಕದ ಮೇಡಂ, ಶಹಾಪುರ

ನಾನು ಗೆಲುವುಗಳನ್ನು ಎಣಿಸುವುದಿಲ್ಲ. ಮಣ್ಣಿನ ರ‍್ಯಾಲಿಗಳ ಶುಕ್ರವಾರಗಳಲ್ಲಿ ಇಬ್ಬರ ನಡುವಿನ ಅಂತರವನ್ನು ಕಿಲೋಮೀಟರಿಗೆ ಇಷ್ಟು ಎಂದು, ಹೊರಟ ಕ್ರಮದೊಂದಿಗೆ ಬರೆದಿಡುತ್ತೇನೆ. ಹಾಳೆ ತಯಾರಾಗಿದೆ.

ಗ್ಯಾರೇಜ್, ಹುಮನಾಬಾದ್

ಸೋಲ್‌ಬರ್ಗ್ ವರ್ಷದ ಕೊನೆಗೆ ಎವಾನ್ಸ್‌ಗಿಂತ ಮುಂದಿರುತ್ತಾರೆ. ಬರೆದುಕೊಳ್ಳಿ. ಮೇಡಂ, ಆ ಹಾಳೆಯ ಒಂದು ಪ್ರತಿ ನನಗೂ ಕಳುಹಿಸಿ, ಗ್ಯಾರೇಜಿನ ಗೋಡೆಗೆ ಅಂಟಿಸುತ್ತೇನೆ.